ಎಡಗೆನ್ನೆಯ ನೊರೆ

ಬುಧವಾರ ಬೆಳಿಗ್ಗೆ ಸಣ್ಣತಿಮ್ಮಯ್ಯ ಗಂಗಾಧರಯ್ಯನ ಮನೆಯ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಬಾಚುತ್ತಿದ್ದ. ಸ್ನಾನದ ನೀರಿಗೆಂದು ನಸುಕಿನಲ್ಲಿ ಒಟ್ಟಿದ್ದ ತೆಂಗಿನ ಮಟ್ಟೆಯೆಲ್ಲ ಉರಿದು ಕುಸಿದಿತ್ತು. ಕೆಂಡದ ಚೂರೊಂದೂ ಸೇರದ ಹಾಗೆ ಬರೀ ಬೂದಿಯನ್ನು ಕಬ್ಬಿಣದ ಸೌಟಿನಲ್ಲಿ ಎತ್ತಿ, ಅಗಲ ಬಾಯಿಯ ಮಣ್ಣಿನ ಕುಡಿಕೆಗೆ ತುಂಬಿದ. ನಡುವೆ ಗುಳಿ ಮಾಡಿ, ಅದರಲ್ಲಿ ಅರ್ಧ ತೆಂಗಿನ ಚಿಪ್ಪನ್ನು ಅಲ್ಲಾಡದಂತೆ ಕೂರಿಸಿದ. ಗಾಜಿನ ಚೂರಿನಲ್ಲಿ ಹೆರೆದು, ಎಣ್ಣೆ ಸವರಿ, ಒಳಮೈ ಕನ್ನಡಿಯಂತೆ ನುಣುಪಾಗಿದ್ದ ಚಿಪ್ಪು ಅದು. ಹಂಡೆಯಿಂದ ಒಂದಿಷ್ಟು ಬಿಸಿನೀರು, ಉಗುರಿನಷ್ಟು ಸೋಪು. ಬ್ರಷ್ಷು ತಿರುಗಿಸುತ್ತ ತಿರುಗಿಸುತ್ತ ನೊರೆ ಮೊಸರಿನ ಕೆನೆಯಂತೆ ಗಟ್ಟಿಯಾದಾಗ, ಬ್ರಷ್ಷನ್ನು ಅದರೊಳಗೇ ಬಿಟ್ಟು ಇನ್ನೊಂದು ಚಿಪ್ಪು ಮುಚ್ಚಿದ. ಬ್ರಷ್ಷು ಆಚೆ ಉಳಿದರೆ ತಣ್ಣಗಾಗುತ್ತದೆ, ತಣ್ಣನೆ ಬ್ರಷ್ಷು ಬಿಸಿ ನೊರೆಯನ್ನು ಕೆಡಿಸುತ್ತದೆ.

ಹಿತ್ತಾಳೆ ಬಟ್ಟಲು ಬೇಗ ಕಾದು ಬೇಗ ಆರುತ್ತದೆ. ಚಿಪ್ಪು ಹಾಗಲ್ಲ. ಕಾಯುವುದೂ ನಿಧಾನ, ಆರುವುದೂ ನಿಧಾನ. ದಂಡಿನಶಿವರದ ಮಗ್ಗುಲಿನ ಆ ಹಳ್ಳಿಯಲ್ಲಿ ಮಾಗಿಯ ಚಳಿಗೆ ತೋಟದ ಕಡೆಯಿಂದ ಬರುವ ಗಾಳಿ ಮುಖದ ಚರ್ಮವನ್ನು ಬಿಗಿದು ಹಿಡಿಯುತ್ತದೆ. ಬಿಗಿದ ಚರ್ಮದ ಮೇಲೆ ಕತ್ತಿ ಆಡಿಸಿದರೆ ಉರಿ. ಬಿಸಿ ನೊರೆ ಒಂದು ಗಳಿಗೆ ಕೂತರೆ ಗಡ್ಡ ನೆನೆದ ಹುಲ್ಲಿನಂತೆ ಮೆತ್ತಗಾಗಿ ಕತ್ತಿಗೆ ಬರುತ್ತದೆ. ಸಣ್ಣತಿಮ್ಮಯ್ಯನ ಕತ್ತಿಗಿಂತ ಅವನ ನೊರೆಗೇ ಹೆಸರು ಹೆಚ್ಚು. ಚಳಿಗಾಲದಲ್ಲಿ ನಂಟರ ಮನೆಗೆಂದು ಬಂದವರೂ ಜಗಲಿಯ ಮೇಲೆ ಸಾಲಿನಲ್ಲಿ ಕೂತು ಒಂದು ಸಲ ಗಡ್ಡ ಮಾಡಿಸಿಕೊಂಡು ಹೋಗುವುದಿತ್ತು.

ಅದು ೧೯೭೮ರ ಮಾಗಿ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಗಂಗಾಧರಯ್ಯ ಮುಖ ಎತ್ತಿ ಕೊಟ್ಟ. ಐವತ್ತು ದಾಟಿದ, ಮೈಕಟ್ಟು ಸಡಿಲವಾಗದ ಆಳು. ಅಟ್ಟದ ತುಂಬ ಕೊಬ್ಬರಿ, ತಿಪಟೂರಿನ ಮಂಡಿಯಲ್ಲಿ ಮಾತಿಗೆ ಬೆಲೆ, ಊರ ಪಂಚಾಯ್ತಿಯಲ್ಲಿ ಕೊನೆಯ ಮಾತು ಅವನದು. ಚಳಿಗಾಲದಲ್ಲಿ ಎರಡೂ ಕೆನ್ನೆಗೆ ಒಟ್ಟಿಗೆ ನೊರೆ ಹಚ್ಚಿದರೆ ಒಂದು ಕಡೆ ಮುಗಿಯುವಷ್ಟರಲ್ಲಿ ಇನ್ನೊಂದು ಕಡೆ ಒಣಗುತ್ತದೆಂದು ಸಣ್ಣತಿಮ್ಮಯ್ಯ ಕೆನ್ನೆ ಕೆನ್ನೆಗೆ ಬೇರೆ ಬೇರೆ ಹಚ್ಚುತ್ತಿದ್ದ. ಬಲಗೆನ್ನೆ ಮುಗಿಯಿತು. ಚಿಪ್ಪಿನ ಮುಚ್ಚಳ ತೆಗೆದು ಎಡಗೆನ್ನೆಗೆ ಹಚ್ಚಿದ.

"ಆರೋಗೈತಲ್ಲೋ ಸಣ್ಣ," ಅಂದ ಗಂಗಾಧರಯ್ಯ. "ಬಲಗಡೆ ಹಾಯಾಗಿತ್ತು. ಎಡಕ್ ಬರೋ ಹೊತ್ತಿಗೆ ತಣ್ಣಗಾಗೋಯ್ತದೆ."

"ಇಲ್ವಲ್ಲ ಯಜಮಾನ್ರೆ, ಬೂದಿ ಇನ್ನೂ ಕಾವಾಗೈತೆ."

"ಬೂದಿ ಕಾವು ಕಟ್ಕಂಡು ನಾನೇನ್ ಮಾಡ್ಲಿ? ಹೋದ್ ಭಾನುವಾರಾನೂ ಹಿಂಗೇ ಆಯ್ತು."

ತನ್ನ ಸರದಿಗೆ ಕಾಯುತ್ತಿದ್ದ ಪಕ್ಕದ ತೋಟದ ದುರ್ಗಯ್ಯ ಬೀಡಿ ಆರಿಸಿ ಬಾಯಿ ಹಾಕಿದ. "ಎಡಗೆನ್ನೆ ಅಂದ್ರೆ ದೂರ ಅಲ್ವಾ ಗಂಗಣ್ಣ? ನಿನ್ ಮೂಗು ಹತ್ತಿ ಆ ಕಡೆ ಇಳೀಬೇಕು. ಆರ್ದೆ ಇರ್ತದಾ?"

ಜಗಲಿ ನಕ್ಕಿತು. ಸಣ್ಣತಿಮ್ಮಯ್ಯನೂ ನಕ್ಕ, ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಕತ್ತಿ ಮೊಂಡು ಅಂದಿದ್ದರೆ ಸಾಣೆಕಲ್ಲಿಗೆ ಕೊಡಬಹುದಿತ್ತು. ನೊರೆ ತಣ್ಣಗೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ವಾರವೆಲ್ಲ ಅವನದು ಅದೇ ಧ್ಯಾನ. ಮೊದಲು ಕುಡಿಕೆ ಬದಲಿಸಿ ದಪ್ಪ ತಳದ್ದು ತಂದ. ಆಮೇಲೆ ಒಣಗಿದ ಮಟ್ಟೆಗಳನ್ನು ಹೋಳು ಮಾಡಿ, ಒಳಗಿನ ನಾರು ಕೆದರಿ, ಕುಡಿಕೆಯ ಸುತ್ತ ಜೋಡಿಸಿ ಹುರಿಯಿಂದ ಬಿಗಿದ. ಗಾಳಿ ಆಡದ ಹಾಗೆ ಸಂದಿಗೆಲ್ಲ ನಾರು ತುರುಕಿದ. ಮನೆಯ ಒಲೆಯ ಬೂದಿಯಲ್ಲಿ ನೊರೆ ಕಟ್ಟಿ, ತನ್ನದೇ ಬಲಗೆನ್ನೆಗೊಮ್ಮೆ ಹಚ್ಚಿ, ಎದ್ದು ಹಿತ್ತಲವರೆಗೆ ಹೋಗಿಬಂದು, ಎಡಗೆನ್ನೆಗೆ ಹಚ್ಚಿ ನೋಡಿದ. ಎರಡೂ ಕಡೆ ಒಂದೇ ಬಿಸಿ.

"ಪಾತ್ರೆ ತಿಕ್ಕಕ್ಕೆ ಒಂದ್ ಹಿಡಿ ಬೂದಿ ಉಳುಸ್ದಂಗೆ ಮಾಡ್ದಲ್ಲ," ಎಂದು ಹೆಂಡತಿ ಭೈರಮ್ಮ ಗೊಣಗಿದಳು. "ಮುಖ ನೋಡ್ಕೊ, ಹಸುನ್ ಕೆಚ್ಚಲು ಬಾಯಾಗಿಟ್ಕಂಡ್ ಕರು ಆದಂಗ್ ಆಗಿದೀಯ."

ಭಾನುವಾರ ಹೊಸ ಕುಡಿಕೆ ಹೊತ್ತು ಹೋದ. ಗಂಗಾಧರಯ್ಯನ ಹೆಂಡತಿ ರಾಮಲಕ್ಷ್ಮಮ್ಮ ಮಟ್ಟೆ ಕಟ್ಟಿದ ಕುಡಿಕೆ ನೋಡಿ, "ಇದೇನೋ ಸಣ್ಣ, ಮಡಿಕೆಗೂ ಕಂಬ್ಳಿ ಹೊದ್ಸಿದೀಯ," ಎಂದು ನಗುತ್ತಲೇ ಬೂದಿ ಕೊಟ್ಟಳು. ಬಲಗೆನ್ನೆಗೆ ಬ್ರಷ್ಷು ತಾಕಿದ್ದೇ ಗಂಗಾಧರಯ್ಯ ಬೆಚ್ಚಿದ.

"ಹಾ! ಸುಡ್ತದೆ ಕಣ್ಲಾ! ಬದ್ನೇಕಾಯಿ ಅಂದ್ಕಂಡಿದೀಯಾ?"

ಸಣ್ಣತಿಮ್ಮಯ್ಯನಿಗೆ ಒಳಗೇ ಸಮಾಧಾನವಾಯಿತು. ಆದರೆ ಎಡಗೆನ್ನೆಗೆ ಹೋದಾಗ ಗಂಗಾಧರಯ್ಯ ಬಾಯಿ ಸೊಟ್ಟ ಮಾಡಿ, "ನೋಡು, ಮತ್ತೆ ತಣ್ಣಗೆ," ಅಂದ. ಸಣ್ಣತಿಮ್ಮಯ್ಯ ಚಿಪ್ಪಿನೊಳಕ್ಕೆ ಬೆರಳಿಟ್ಟ. ಬಿಸಿ ತಡೆಯಲಾರದೆ ಎಳೆದುಕೊಂಡ.

ಮುಂದಿನ ಬುಧವಾರ ಅವನು ಎಂದೂ ಮಾಡದ ಕೆಲಸ ಮಾಡಿದ, ಎಡಗೆನ್ನೆಯಿಂದ ಶುರು ಮಾಡಿದ. ಒಲೆಯಿಂದ ಆಗಷ್ಟೇ ತೆಗೆದ ಬೂದಿ, ಆಗಷ್ಟೇ ಕಟ್ಟಿದ ನೊರೆ, ಮೊದಲ ಬ್ರಷ್ಷು.

"ತಣ್ಣಗೈತೆ," ಅಂದ ಗಂಗಾಧರಯ್ಯ.

ಎಡಗೆನ್ನೆ ಮುಗಿಸಿ, ಆ ಹೊತ್ತಿಗೆ ಕೊಂಚ ಆರಿದ್ದ ಅದೇ ನೊರೆಯನ್ನು ಬಲಗೆನ್ನೆಗೆ ಹಚ್ಚಿದ.

"ಹ್ಞಾ, ಈಗ ಬಿಸಿ ಬಂತು ನೋಡು."

ಇಷ್ಟು ದಿನ ಸಣ್ಣತಿಮ್ಮಯ್ಯ ಕುಡಿಕೆಯನ್ನು ಅನುಮಾನಿಸಿದ್ದ, ಬೂದಿಯನ್ನು, ಗಾಳಿಯನ್ನು, ಸೋಪನ್ನು ಅನುಮಾನಿಸಿದ್ದ. ಕೆನ್ನೆಯನ್ನು ಅನುಮಾನಿಸಬೇಕೆಂದು ಹೊಳೆದಿರಲಿಲ್ಲ. ಬಲಗಡೆ ಮುಗಿಸಿ, ಒರೆಸುವ ನೆಪದಲ್ಲಿ ಎಡಗೆನ್ನೆಯ ಚರ್ಮವನ್ನು ಬೆಳಕಿಗೆ ಎಳೆದು ನೋಡಿದ. ದವಡೆಯ ಮೂಳೆಯ ಮೇಲೆ ಎಳೆ ವೀಳ್ಯದೆಲೆಯಷ್ಟು ಜಾಗ ಸುತ್ತಲಿನದಕ್ಕಿಂತ ಒಂದು ಬಣ್ಣ ತಿಳಿಯಾಗಿತ್ತು. ಅಲ್ಲಿ ಗಡ್ಡ ತೆಳ್ಳಗೆ. ಕೆಲವು ತಿಂಗಳಿಂದ ಆ ಜಾಗದಲ್ಲಿ ಕತ್ತಿ ಸಲೀಸಾಗಿ ಓಡುತ್ತಿತ್ತು. ಅದು ತನ್ನ ಸಾಣೆಯ ಹದ ಎಂದುಕೊಂಡು ಹಿಗ್ಗಿದ್ದ. ಕೊನೆಗೆ ಪಟಿಕ ತಿಕ್ಕಿದ. ಬಲಗಡೆ ತಿಕ್ಕಿದಾಗ ಗಂಗಾಧರಯ್ಯ ಉಸ್ ಎಂದ. ಎಡಗಡೆ, ಕತ್ತಿ ತಾಕಿ ರಕ್ತದ ಚುಕ್ಕೆ ಬಂದ ಕಡೆಯೇ ತಿಕ್ಕಿದರೂ, ಅವನು ದುರ್ಗಯ್ಯನ ಹತ್ತಿರ ಕೊಬ್ಬರಿ ಧಾರಣೆ ಮಾತಾಡುತ್ತಲೇ ಇದ್ದ.

ಆ ಸೀಮೆಯಲ್ಲಿ ಕುಷ್ಠ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ದೊಡ್ಡರೋಗ ಎನ್ನುತ್ತಾರೆ, ಅದನ್ನೂ ದನಿ ತಗ್ಗಿಸಿ. ಸಣ್ಣತಿಮ್ಮಯ್ಯ ಅದನ್ನು ಹತ್ತಿರದಿಂದ ನೋಡಿದ್ದ. ಕಂದಿಕೆರೆಯ ಅವನ ಸೋದರಮಾವ ಗಿಡ್ಡಯ್ಯನೂ ಇದೇ ಕಸುಬಿನವನು. ಸಣ್ಣತಿಮ್ಮಯ್ಯನಿಗೆ ಕತ್ತಿ ಹಿಡಿಯಲು ಕಲಿಸಿದವನು. ಅವನ ಮೊಣಕೈ ಹತ್ತಿರ ಇಂಥದೇ ಒಂದು ತಿಳಿ ಮಚ್ಚೆ ಇತ್ತು. ಮನೆಯವರು ನೋಡಿದ್ದರು, ನೋಡಿಯೂ ನೋಡದವರಂತೆ ಇದ್ದರು, ಅವನು ಉದ್ದ ತೋಳಿನ ಅಂಗಿ ತೊಡಲು ಶುರು ಮಾಡಿದ. ವರ್ಷಗಳು ಕಳೆದು ಕಿರುಬೆರಳು, ಅದರ ಪಕ್ಕದ ಬೆರಳು ಮಡಿಸಿಕೊಂಡವು. ಕತ್ತಿ ಕೈಯಲ್ಲಿ ನಿಲ್ಲದಾಯಿತು. ಕಡೆಗಾಲವನ್ನು ಅವನು ಕಳೆದದ್ದು ಊರ ಹೊರಗಿನ ಗುಡಿಸಲಿನಲ್ಲಿ, ಬೇಲಿಯ ಹತ್ತಿರ ಇಟ್ಟುಹೋದ ಊಟ ಉಂಡು. ಆಸ್ಪತ್ರೆಯವರು ಬಂದಾಗ ಹೇಳಿದ್ದು ಒಂದೇ ಮಾತು. ಮಚ್ಚೆ ಇದ್ದಾಗಲೇ ಬರಬೇಕಿತ್ತು, ಮಾತ್ರೆ ಇತ್ತು.

ಮಧ್ಯಾಹ್ನ ಮನೆಯಲ್ಲಿ ಕತ್ತಿಯನ್ನು ಕುದಿಯುವ ನೀರಿಗೆ ಹಾಕಿ ಕೂತ. ತನಗೂ ಅಂಟೀತೇ ಎಂಬ ಭಯ ಅವನಿಗೆ ಇರಲಿಲ್ಲ ಎನ್ನಲಾಗದು. ಭೈರಮ್ಮ ಅದನ್ನು ನೋಡಿದಳು.

"ಏನಾಯ್ತು?"

"ಒಬ್ರು ಕೆನ್ನೆಗೆ ಬಿಸಿ ಗೊತ್ತಾಗ್ತಾ ಇಲ್ಲ ಕಣೇ."

ಅವಳಿಗೂ ಗಿಡ್ಡಯ್ಯನ ಕತೆ ಗೊತ್ತಿತ್ತು. "ಯಾರು ಅಂತ ಕೇಳಲ್ಲ," ಅಂದಳು. "ವಾರದಿಂದ ಯಾರ್ ಕೆನ್ನೆಗೋಸ್ಕರ ನನ್ ಬೂದಿ ಖಾಲಿ ಮಾಡ್ದೆ ಅಂತ ನಂಗೊತ್ತು."

"ಹೇಳ್ಬೇಕು ಅನ್ಸ್ತದೆ."

"ಹೇಳ್ದ್ರೆ ಆ ಮನೆ ಬುಟ್ಟಂಗೆ. ಆ ಮನೆ ಬುಟ್ರೆ ಆ ಬೀದೀನೇ ಬುಟ್ಟಂಗೆ. ಸುಗ್ಗೀಲಿ ರಾಗಿ ಕೊಡೋರು ಯಾರು, ಕಾಯಿ ಕೊಡೋರು ಯಾರು? ಅವ್ರು ದೊಡ್ಡೋರು. ನಿನ್ ಮಾತ್ ಕೇಳಿ ಮೆಚ್ಕಂತಾರಾ?"

"ಹೇಳ್ದೆ ಇದ್ರೆ?"

ಭೈರಮ್ಮ ಒಲೆಯ ಸೌದೆ ಹಿಂದಕ್ಕೆ ಎಳೆದಳು. "ಹೇಳ್ದೆ ಇದ್ರೆ ವಾರಕ್ಕೆರಡ್ ಸಲ ಆ ಕೆನ್ನೆ ಮುಟ್ಬೇಕಲ್ಲ ನೀನು. ಎಂಗ್ ಮುಟ್ತೀಯ?"

ಹೇಳುವುದಾದರೂ ಎಲ್ಲಿ? ಜಗಲಿಯ ಮೇಲೆ ಸದಾ ಜನ. ಕ್ಷೌರಿಕನ ಮಾತು ಎಂದರೆ ಎಲ್ಲರಿಗೂ ಕೇಳಿಸುವ ಮಾತು. ಊರ ಸುದ್ದಿಯನ್ನು ಅವನಿಂದಲೇ ಕೇಳಿ ಅಭ್ಯಾಸವಾದವರು ಅವನು ದನಿ ತಗ್ಗಿಸಿದರೆ ಕಿವಿ ನಿಮಿರಿಸುತ್ತಾರೆ. ಕೊನೆಗೆ ಭಾನುವಾರ, ಗಂಗಾಧರಯ್ಯ ತೋಟಕ್ಕೆ ನೀರು ಬಿಡಲು ಒಬ್ಬನೇ ಹೋದದ್ದು ನೋಡಿಕೊಂಡು, ಕುಡಿಕೆ, ಹಡಪ ಎತ್ತಿಕೊಂಡು ಪಂಪ್‌ಸೆಟ್ ಮನೆಗೇ ಹೋದ. ಹಡಪವೆಂದರೆ ಕತ್ತಿ, ಪಟಿಕ, ಸಾಣೆ ಎಲ್ಲ ಇಟ್ಟುಕೊಳ್ಳುವ ಚರ್ಮದ ಚೀಲ. ಅವನಪ್ಪನ ಕಾಲದ್ದು.

"ಇಲ್ಲಿಗ್ಯಾಕ್ಲಾ ಬಂದೆ?"

"ಇಲ್ಲಿ ಬಿಸಿಲೈತೆ ಯಜಮಾನ್ರೆ. ಚಳಿ ಕಮ್ಮಿ."

ಗಂಗಾಧರಯ್ಯ ಕಲ್ಲಿನ ಮೇಲೆ ಕೂತ. ಸಣ್ಣತಿಮ್ಮಯ್ಯ ಎರಡು ಚಿಪ್ಪು ತೆಗೆದ. ಒಂದರಲ್ಲಿ ಕುಡಿಕೆಯ ಬಿಸಿ ನೊರೆ. ಇನ್ನೊಂದರಲ್ಲಿ ಕಾಲುವೆಯ ನೀರಿನಲ್ಲೇ ಕಟ್ಟಿದ್ದು, ಮಂಜಿನಂಥ ತಣ್ಣನೆ ನೊರೆ.

"ಕಣ್ ಮುಚ್ಕಳಿ. ಬಿಸಿ ಯಾವ್ದು, ತಣ್ಣಂದ್ ಯಾವ್ದು ಹೇಳಿ ನೋಡಾನ."

"ಏನ್ ಆಟ ಇದು?" ಎನ್ನುತ್ತಲೇ ಗಂಗಾಧರಯ್ಯ ಕಣ್ಣು ಮುಚ್ಚಿದ. ನೊರೆಯ ಜಂಬವನ್ನು ತೋರಿಸಿಕೊಳ್ಳಲು ಬಂದಿದ್ದಾನೆ ಎಂದುಕೊಂಡಿರಬೇಕು.

ಬಲಗೆನ್ನೆಯಲ್ಲಿ ಪ್ರತಿ ಸಲವೂ ಸರಿ ಹೇಳಿದ. ಎಡಗೆನ್ನೆಯ ಆ ಜಾಗಕ್ಕೆ ಬಿಸಿ ತಾಕಿಸಿದಾಗ, "ತಣ್ಣಂದು," ಅಂದ. ತಣ್ಣನೆಯದು ತಾಕಿಸಿದಾಗ, "ಇದೂ ತಣ್ಣಂದೇ." ಮೂರನೆಯ ಸಲ ಸಣ್ಣತಿಮ್ಮಯ್ಯ ಬ್ರಷ್ಷು ಒತ್ತಿ ಹಿಡಿದು ಕಾದ. ಗಂಗಾಧರಯ್ಯ ಕೇಳಿದ: "ಹಚ್ಚು ಮತ್ತೆ, ಯಾಕ್ ಸುಮ್ನಾದೆ?"

"ಹಚ್ತಾ ಇದೀನಿ ಯಜಮಾನ್ರೆ."

ಗಂಗಾಧರಯ್ಯ ಕಣ್ಣು ಬಿಟ್ಟ. ಕೆನ್ನೆಯ ಮೇಲಿದ್ದ ಬ್ರಷ್ಷನ್ನು ಓರೆಗಣ್ಣಿನಿಂದ ನೋಡಿದ. ತಾನೇ ಕೈ ಎತ್ತಿ ಆ ಜಾಗವನ್ನು ಮುಟ್ಟಿದ, ಉಗುರು ಒತ್ತಿದ, ಚಿವುಟಿದ.

"ನಮ್ ಮಾವ ಕಂದಿಕೆರೇಲಿ..." ಎಂದು ಸಣ್ಣತಿಮ್ಮಯ್ಯ ಶುರು ಮಾಡಿದ.

"ಏಯ್!" ಗಂಗಾಧರಯ್ಯ ಎದ್ದು ನಿಂತಿದ್ದ. "ದೊಡ್ಡರೋಗ ಅಂತೀಯೇನ್ಲಾ ನಂಗೆ? ನಮ್ ವಂಶದಾಗೆ ಯಾರಿಗೈತೋ? ಯಾರ್ ಯಾರ ಹತ್ರ ಊದ್ಕಂಡ್ ಬಂದಿದೀಯ?"

"ಯಾರ ಹತ್ರಾನೂ ಇಲ್ಲ. ಈಗ ಮಾತ್ರೆ ಐತೆ ಯಜಮಾನ್ರೆ, ಕೈಗ್ ಇಳಿಯಕ್ ಮುಂಚೆ..."

"ಎತ್ಕೋ ನಿನ್ ಹಡಪ. ನಮ್ ಮನೆ ಹೊಸಲು ತುಳೀಬ್ಯಾಡ."

ಅರ್ಧ ಮುಖದಲ್ಲಿ ನೊರೆ ಹಾಗೇ ಇತ್ತು. ಕಾಲುವೆಯ ನೀರಿನಲ್ಲಿ ತೊಳೆದುಕೊಂಡು ಗಂಗಾಧರಯ್ಯ ತೋಟದೊಳಕ್ಕೆ ನಡೆದ.

ಬುಧವಾರ ಜಗಲಿಯ ಮೇಲೆ ಕ್ಷೌರ ಇರಲಿಲ್ಲ. ಗಡ್ಡ ಬೆಳೆದಿದ್ದ ಗಂಗಾಧರಯ್ಯನನ್ನು ದುರ್ಗಯ್ಯ ಕೇಳದೆ ಬಿಡಲಿಲ್ಲ. ಯಾಕಣ್ಣ, ಸಣ್ಣ ಬರಲಿಲ್ವಾ? ಗಂಗಾಧರಯ್ಯನಿಗೆ ಏನಾದರೊಂದು ಹೇಳಲೇಬೇಕಿತ್ತು. ಬಾಯಿಗೆ ಬಂದದ್ದು ಹೇಳಿದ: "ಅವನ ನೊರೆ ಬರೀ ತಣ್ಣೀರು ಕಣಪ್ಪ. ಮೊದ್ಲಿನ ಕೈ ಹೋಯ್ತು ಅವಂದು. ಅದರ ಮ್ಯಾಲೆ ಬೂದಿ ಮುಖಕ್ಕೆಲ್ಲ ಮೆತ್ತುತಾನೆ."

ಮಾತು ಸಂಜೆಯೊಳಗೆ ಟೀ ಅಂಗಡಿ ತಲುಪಿತು. ಇನ್ನೊಬ್ಬರಾಡಿದ್ದರೆ ತಮಾಷೆಯಾಗಿ ಮುಗಿಯುತ್ತಿತ್ತು. ಆಡಿದವನು ಗಂಗಾಧರಯ್ಯ. ಹೋದ ವಾರ ಹಾಯಾಗಿ ಕಣ್ಣು ಮುಚ್ಚಿ ಕೂತಿದ್ದವರಿಗೂ ಈಗ, ಹೌದಲ್ಲ, ನನಗೂ ತಣ್ಣಗೇ ಅನ್ನಿಸಿತ್ತು ಎಂದು ನೆನಪಾಗತೊಡಗಿತು. ಒಬ್ಬೊಬ್ಬರೇ ದಂಡಿನಶಿವರದ ಬಸ್‌ಸ್ಟ್ಯಾಂಡಿನ ಸಲೂನಿಗೆ ಹೋದರು. ಅಲ್ಲಿ ಗೋಡೆಯುದ್ದ ಕನ್ನಡಿ ಇತ್ತು, ತಿರುಗುವ ಕುರ್ಚಿ ಇತ್ತು. ನೊರೆ ಕೊಳಾಯಿ ನೀರಿನದು. ಚಳಿಗೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು, ಬಂದು ಸಲೂನನ್ನು ಹೊಗಳುತ್ತಿದ್ದರು.

ಸಣ್ಣತಿಮ್ಮಯ್ಯನಿಗೆ ಉಳಿದದ್ದು ಕೆಳಗಿನ ಬೀದಿಯ ಕೆಲವು ಮನೆ. ಅಲ್ಲೂ ಬೂದಿ ಬಾಚಲು ಹೋದರೆ, "ಬೂದಿ ಬ್ಯಾಡ ಕಣಣ್ಣ, ಹಂಗೇ ಮಾಡು," ಎನ್ನುವವರಿದ್ದರು. ಏನು ಜಗಳ, ಗಂಗಣ್ಣ ಯಾಕೆ ಹಂಗಂದ ಎಂದು ಕೇಳಿದವರಿಗೆ ಅವನು ಹೇಳಬಹುದಾದ ನಿಜ ಒಂದೇ ಇತ್ತು. ಅದನ್ನು ಹೇಳಿದರೆ ಅವನ ನೊರೆಯ ಹೆಸರು ಉಳಿಯುತ್ತಿತ್ತು, ಗಂಗಾಧರಯ್ಯ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ. "ಆರೋಗಿತ್ತು ಅಂತ ಕಾಣ್ತದೆ," ಎನ್ನುತ್ತಿದ್ದ. ಹಾಗೆ ಹೇಳಿದ ದಿನ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಭೈರಮ್ಮ, "ನಾನ್ ಹೇಳಿರ್ಲಿಲ್ವಾ," ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಗಂಗಾಧರಯ್ಯ ಸಣ್ಣತಿಮ್ಮಯ್ಯನ ಬೀದಿಗೆ ನಡೆದುಕೊಂಡು ಬಂದ. ಆ ಬೀದಿಗೆ ಅವನು ಹಿಂದೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಭೈರಮ್ಮ ಗಡಿಬಿಡಿಯಲ್ಲಿ ಚಾಪೆ ಕೊಡವಿ ಹಾಸಿ, ನೀರು ತರುವ ನೆಪದಲ್ಲಿ ಒಳಗೆ ಹೋದಳು. ಅವನ ಮುಖದ ತುಂಬ ಸಲೂನಿನ ಕತ್ತಿಯ ಗೀರುಗಳಿದ್ದವು. ಎಡಗೆನ್ನೆಯ ಗೀರು ಉಳಿದವಕ್ಕಿಂತ ಉದ್ದವಾಗಿತ್ತು.

"ಹಾಸನಕ್ಕೆ ಹೋಗಿದ್ದೆ," ಅಂದ. ತಿಪಟೂರಿನಲ್ಲಾದರೆ ಮಂಡಿಯ ಜನ ನೋಡುತ್ತಾರೆ, ತುಮಕೂರಿನಲ್ಲಿ ನಂಟರಿದ್ದಾರೆ. ಹಾಸನದಲ್ಲಿ ಅವನನ್ನು ಬಲ್ಲವರಿರಲಿಲ್ಲ. "ಡಾಕ್ಟ್ರು ಗುಂಡುಸೂಜಿ ಹಿಡ್ಕಂಡು ನೋಡಿದ್ರು. ನೀನ್ ಹೇಳಿದ್ದೇ."

ಸಣ್ಣತಿಮ್ಮಯ್ಯ ನೆಲ ನೋಡುತ್ತಿದ್ದ.

"ಈ ಜಾತೀದು ಅಂಟಲ್ಲ ಅಂದ್ರು. ಕೈಗೆ, ಕಣ್ಣಿಗೆ ಹೋಗಕ್ ಮುಂಚೆ ಬಂದ್ರಿ ಅಂದ್ರು. ಯಾರ್ ನೋಡಿ ಕಳ್ಸಿದ್ದು ಅಂತ ಕೇಳಿದ್ರು."

"ಏನಂದ್ರಿ?"

"ನಮ್ಮೋರು ಒಬ್ರು ಅಂದೆ."

ಆಮೇಲೆ ಗಂಗಾಧರಯ್ಯನೇ ಹೇಳಿದ: "ನಾನಾಡಿದ್ ಮಾತು ಊರೆಲ್ಲ ತಿರುಗ್ತಾ ಐತೆ. ವಾಪಸ್ ತಗಬೇಕು ಅಂದ್ರೆ ಯಾಕಂದೆ ಅಂತಾನೂ ಹೇಳ್ಬೇಕು. ಅದು ನನ್ ಕೈಲಾಗಲ್ಲ ಕಣೋ."

"ಹೇಳ್ಬ್ಯಾಡಿ ಯಜಮಾನ್ರೆ. ನಾನೂ ಹೇಳಲ್ಲ."

"ಅದು ಗೊತ್ತು. ಇಷ್ಟ್ ದಿನ ಹೇಳಿಲ್ವಲ್ಲ." ಎದ್ದು ಪಂಚೆ ಸರಿಮಾಡಿಕೊಂಡ. "ಭಾನುವಾರ ಬಾ. ತೋಟಕ್ಕಲ್ಲ, ಜಗಲಿಗೇ ಬಾ."

ಭಾನುವಾರ ಸಣ್ಣತಿಮ್ಮಯ್ಯ ಹೋದಾಗ ಜಗಲಿ ತುಂಬಿತ್ತು. ಗಂಗಾಧರಯ್ಯನೇ ಹೇಳಿ ಕಳಿಸಿದ್ದನೋ, ಏನೋ ನಡೆಯುತ್ತದೆಂದು ಜನರೇ ಬಂದಿದ್ದರೋ. ರಾಮಲಕ್ಷ್ಮಮ್ಮ ಬಚ್ಚಲ ಬಾಗಿಲು ತೆರೆದಿಟ್ಟು, ಸೌಟು ಕೊಟ್ಟಳು. ಅವನು ಬೂದಿ ಬಾಚಿದ, ನೊರೆ ಕಟ್ಟಿದ. ಜಗಲಿಯ ಮೇಲೆ ಕೂತು ಎಂದಿನಂತೆ ಬಲಗಡೆಗೆ ಬ್ರಷ್ಷು ಒಯ್ದಾಗ ಗಂಗಾಧರಯ್ಯ ಮುಖ ತಿರುಗಿಸಿ ಎಡಗೆನ್ನೆಯನ್ನು ಮುಂದೆ ಕೊಟ್ಟ.

ಬ್ರಷ್ಷು ದವಡೆಯ ಆ ತಿಳಿ ಮಚ್ಚೆಯ ಮೇಲೆ ಕೂತಿತು.

"ಅಬ್ಬಬ್ಬಾ!" ಗಂಗಾಧರಯ್ಯ ಬೀದಿಗೆ ಕೇಳಿಸುವಂತೆ ಕೂಗಿ ಹಿಂದಕ್ಕೆ ಸರಿದ. "ಸುಟ್ಟಾಕ್ಬುಟ್ಯಲ್ಲೋ ಸಣ್ಣ! ಇಷ್ಟ್ ಬಿಸಿ ಎಲ್ಲಿಟ್ಟಿದ್ಯೋ ಇಷ್ಟ್ ದಿನ? ಆರ್ಸೋ ಮಾರಾಯ!"

ಆ ಕೆನ್ನೆಗೆ ಬಿಸಿ ತಾಕಿಲ್ಲವೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ.

"ಆರುಸ್ತೀನಿ ಯಜಮಾನ್ರೆ," ಎಂದು ಸಣ್ಣತಿಮ್ಮಯ್ಯ ಚಿಪ್ಪಿನ ಮೇಲೆ ಊದಿದ.

"ನೋಡ್ದ್ಯಾ, ಬೈಸ್ಕಂಡ್ ಮ್ಯಾಲೆ ಹದಕ್ ಬಂದವ್ನೆ," ಎಂದು ದುರ್ಗಯ್ಯ ಹೇಳಿದ. ಯಾರೋ ನಕ್ಕರು. ಗಂಗಾಧರಯ್ಯನ ನಂತರ ಅವನ ತಮ್ಮ ಕೂತ. ಅವನಿಗೆ ನಿಜವಾಗಿಯೇ ಬಿಸಿ ಎನ್ನಿಸಿ ಕಣ್ಣು ಮುಚ್ಚಿದ. ಮಧ್ಯಾಹ್ನದವರೆಗೆ ಕೆಲಸ ನಡೆಯಿತು, ಎರಡು ಸಲ ಬೂದಿ ಬದಲಿಸಬೇಕಾಯಿತು. ಎಲ್ಲರೂ ಮರಳಿದರು ಎಂದಲ್ಲ. ಸಲೂನಿನ ಕುರ್ಚಿಗೆ ಒಗ್ಗಿಹೋದ ಕೆಲವು ಹರೆಯದವರು ಅಲ್ಲೇ ಉಳಿದರು.

ಬಿಳಿ ಮಾತ್ರೆಯನ್ನು ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗಬೇಕಿತ್ತು. ಗಂಗಾಧರಯ್ಯ ತಿಂಗಳಿಗೊಮ್ಮೆ, ಅಲ್ಲಿಯ ಕೊಬ್ಬರಿ ವ್ಯಾಪಾರ ನೋಡಿ ಬರುತ್ತೇನೆಂದು ಹೇಳಿ, ಹಾಸನದ ಬಸ್ಸು ಹತ್ತುತ್ತಿದ್ದ. ಹೋಗುವ ದಿನ ಸೋಮವಾರವೇ ಆಗಿರಲಿ, ಶುಕ್ರವಾರವೇ ಆಗಿರಲಿ, ಕ್ಷೌರಕ್ಕೆ ಒಳ್ಳೆಯ ವಾರವೋ ಅಲ್ಲವೋ ನೋಡದೆ ಸಣ್ಣತಿಮ್ಮಯ್ಯ ಬೆಳಿಗ್ಗೆ ಬಂದು ಗಡ್ಡ ಮಾಡಿ ಕಳಿಸುತ್ತಿದ್ದ.